ನೆಲಗನ್ನಡಿಯಲ್ಲಿ ಕಾಣದ ನಾಲ್ಕು ತಾಸು

ನೆಲಗನ್ನಡಿ ಬಂದದ್ದು ಮೂರು ಮರದ ಪೆಟ್ಟಿಗೆಗಳಲ್ಲಿ. ಲಾರಿಯ ಜತೆ ಬಂದವರು ಇಬ್ಬರೇ. ಹಾಗಾಗಿ ಆ ಕಡಲತೀರದ ಪೇಟೆಯ ತರಬೇತಿ ಕೇಂದ್ರದಲ್ಲಿ ಸೇರಿದ್ದ ಮೂವತ್ತು ಮಂದಿ ಮಾಸ್ತರು, ಅಕ್ಕೋರುಗಳೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ತೋಳು ಮಡಚಿ, ಪೆಟ್ಟಿಗೆ ಹೊತ್ತು ಒಳಗೆ ತಂದರು. ಸಂಜೆಯ ಹೊತ್ತಿಗೆ ದೊಡ್ಡ ಕೋಣೆಯ ನಡುವೆ ಎಂಟು ಅಡಿ ಉದ್ದದ ಮೇಜೊಂದು ನಿಂತಿತು.

ಅದರ ಮೇಲ್ಮೈಯಲ್ಲಿ ಸೂಜಿಗಿಂತ ಸಣ್ಣ ಕಡ್ಡಿಗಳು, ಲಕ್ಷಗಟ್ಟಲೆ. ಊರಿನ ಹೆಸರು ಹೇಳಿದರೆ ಸಾಕು, ಕಡ್ಡಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು, ಗುಡ್ಡವಾಗುತ್ತಿದ್ದವು, ಹೊಳೆಯಾಗುತ್ತಿದ್ದವು. ಕೆಳಗಿಂದ ಬೆಳಕು ಬಂದು ಗದ್ದೆ ಹಸಿರಾಗುತ್ತಿತ್ತು, ರಸ್ತೆ ಬೂದುಬಣ್ಣವಾಗುತ್ತಿತ್ತು. ಆಕಾಶದಲ್ಲಿ ಹಿಂಡುಹಿಂಡಾಗಿ ತಿರುಗುವ ಪುಟ್ಟ ಉಪಗ್ರಹಗಳು ಹಗಲಿಡೀ ಕಾಲುಗಂಟೆಗೊಮ್ಮೆ ತೆಗೆದ ಚಿತ್ರಗಳಿಂದ ಈ ಮೇಜು ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಮೂರು ವರ್ಷದ ಹಿಂದೆ ನೆಲಗನ್ನಡಿ ತೋರಿಸಿದ್ದೇ ಸರ್ಕಾರಿ ದಾಖಲೆ ಎಂದು ಕಾನೂನಾದ ಮೇಲೆ ಬೇಲಿಯ ಜಗಳಗಳು ಕಡಿಮೆಯಾಗಿದ್ದವು. ಜನ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯ ಬಾವಿ, ಗದ್ದೆ ಎಲ್ಲವನ್ನೂ ಪಂಚಾಯಿತಿಯ ಮೇಜಿನ ಮೇಲೆ ನೋಡಿ ಬರುವುದು ರೂಢಿಯಾಗಿತ್ತು. ಈಗ ಅದು ಶಾಲೆಗಳಿಗೂ ಬರುವುದಿತ್ತು.

ಕುಮುದಾ ಗುನಗ ಇಪ್ಪತ್ತೆಂಟು ವರ್ಷದಿಂದ ಶಿಕ್ಷಕರಿಗೆ ಭೂಗೋಳ ಕಲಿಸುತ್ತ ಬಂದವಳು. ಗೋಡೆಗೆ ತೂಗುವ ಬಟ್ಟೆಯ ನಕ್ಷೆಯಿಂದ ಹಿಡಿದು ಗೋಡೆಯ ಮೇಲೆ ಬೀಳುವ ಬೆಳಕಿನ ನಕ್ಷೆಯವರೆಗೆ ಎಲ್ಲವನ್ನೂ ಕಂಡವಳು. ಹನ್ನೆರಡು ದಿನದ ಈ ತರಬೇತಿಗೆ ಮೇಲಿನಿಂದ ಬಂದ ಕೈಪಿಡಿಯಲ್ಲಿ ಮೇಜನ್ನು ಹೇಗೆ ಚಾಲೂ ಮಾಡುವುದು, ಹೇಗೆ ಒರೆಸುವುದು, ಹಾಳಾದರೆ ಯಾರಿಗೆ ಫೋನು ಮಾಡುವುದು ಎಂದಷ್ಟೇ ಇತ್ತು. ಅದನ್ನು ಅವಳು ಮೊದಲ ದಿನ ಮಧ್ಯಾಹ್ನದ ಊಟದೊಳಗೆ ಮುಗಿಸಿಬಿಟ್ಟಳು.

"ಇನ್ನು ಹನ್ನೊಂದೂವರೆ ದಿನ ನಮ್ಮದು," ಎಂದಳು. "ಒಬ್ಬೊಬ್ಬರೇ ಬನ್ನಿ. ನಿಮ್ಮ ನಿಮ್ಮ ಊರು ಎಬ್ಬಿಸಿ. ಎಂತ ಉಂಟು ಹೇಳಬೇಡಿ, ಎಂತ ಇಲ್ಲ ಹೇಳಿ."

ಮೊದಲು ಬಂದವನು ಇನಾಸ್ ಲೋಪಿಸ್, ನಲವತ್ತೆಂಟರ ಮಾಸ್ತರ. ಯಂತ್ರ ಎಂದರೆ ಪ್ರಾಣ. ಶಾಲೆಯ ಪಂಪು, ಗಂಟೆ, ಮೈಕು ಎಲ್ಲ ಅವನೇ ರಿಪೇರಿ ಮಾಡುತ್ತಿದ್ದ. ತನ್ನ ಊರು ಕಡ್ಡಿಗಳ ಮೇಲೆ ಎದ್ದು ನಿಂತಾಗ ಇಗರ್ಜಿಯ ಗೋಪುರವನ್ನು ಬೆರಳಿನಿಂದ ಮುಟ್ಟಿ ನಕ್ಕ.

"ಮೇಡಮ್, ಇಲ್ಲದ್ದು ಎಂತದೂ ಇಲ್ಲ. ನನ್ನ ಮನೆ ಹಿಂದಿನ ಪೇರಲೆ ಮರ ಸಹ ಉಂಟು. ಇಷ್ಟು ಚೊಕ್ಕ ನಕ್ಷೆಯಲ್ಲಿ ತಪ್ಪು ಹುಡುಕೂದು ಯಾಕೆ?"

"ನಿಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಉಂಟಲ್ಲ?"

"ಉಂಟು. ಇದೇ."

"ಬಸ್ಸು?"

ಇನಾಸ್ ಬಗ್ಗಿ ನೋಡಿದ. ಬಸ್‌ಸ್ಟ್ಯಾಂಡ್ ಖಾಲಿ. ಮೀನುಪೇಟೆ ಖಾಲಿ. ರಸ್ತೆಯಲ್ಲಿ ಒಂದು ದನವೂ ಇಲ್ಲ, ಎಲ್ಲೂ ಒಂದು ಮೋಡದ ತುಣುಕೂ ಇಲ್ಲ. ಊರಿಗೆ ಊರೇ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಕೋಣೆಯಲ್ಲಿ ಯಾರೋ "ಅಯ್ಯಬ್ಬ" ಎಂದರು.

ಎಂಟನೆಯವಳಾಗಿ ತುಳಸಿ ಅಂಬಿಗ ಬಂದಳು. ನೆಲ್ಲಿಕುರ್ವೆಯ ಅಕ್ಕೋರು ಅವಳು. ಹೊನ್ನೆಹೊಳೆ ಕಡಲು ಸೇರುವ ಅಳಿವೆಯ ನಡುಗಡ್ಡೆ ಅದು, ಇನ್ನೂರು ಮನೆ. ಊರು ಮೇಜಿನ ಮೇಲೆ ಎದ್ದಿತು: ತೆಂಗು, ಹೆಂಚಿನ ಮಾಡು, ಶಾಲೆ, ದೋಣಿಕಟ್ಟೆ. ಸುತ್ತ ನೀಲಿ ನೀರು. ತುಳಸಿ ಶಾಲೆಯ ಕಡೆಗೆ ಬಗ್ಗಿದಳು.

"ಎಂತ ಇಲ್ಲ ತುಳಸಿ?"

"ಬಯಲು ಇಲ್ಲ ಮೇಡಮ್." ಅವಳು ಶಾಲೆಯ ಎದುರಿನ ನೀಲಿಯ ಮೇಲೆ ಅಂಗೈ ಇಟ್ಟಳು. "ನೀರು ಇಳಿದಾಗ ಇಲ್ಲೆಲ್ಲ ಕೆಸರಿನ ಬಯಲು ಏಳ್ತದೆ. ನಮ್ಮ ಅವ್ವಿ ನಲವತ್ತು ವರ್ಷ ಇಲ್ಲೇ ಬಳಚು, ಅದೇ ಚಿಪ್ಪುಮೀನು, ಹೆಕ್ಕಿ ನನ್ನ ಓದಿಸಿದ್ದು. ಈಗಲೂ ದಿನಾ ನಾಲ್ಕು ತಾಸು ಇಲ್ಲೇ ಇರ್ತಾಳೆ. ಇನ್ನೂರು, ಮುನ್ನೂರು ಹೆಂಗಸರು. ಇಲ್ಲಿ ನೋಡಿದ್ರೆ ಬರೀ ನೀರು."

ಆ ನೀಲಿಯ ಮೇಲೆ ಮುಟ್ಟಿದಾಗ ಪುಟ್ಟ ಅಕ್ಷರ ಮೂಡಿತು: ಬಳಕೆಯಲ್ಲಿಲ್ಲದ ನೀರು.

*

ಕುಮುದಾಳ ಗಂಡ ಮಾಬ್ಲ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಮನೆಯಲ್ಲಿ ಅಡುಗೆಯೂ ಅವನದೇ. ಆ ಸಂಜೆ ಅವನು ಬಂಗಡೆಗೆ ಮಸಾಲೆ ಸವರುತ್ತ ಹೆಂಡತಿಯ ಮಾತು ಪೂರ್ತಿ ಕೇಳಿದ.

"ಕ್ಯಾಮರಾ ಸುಳ್ಳು ಹೇಳ್ತದಾ?" ಎಂದಳು ಕುಮುದಾ. "ಕಾಲುಗಂಟೆಗೊಂದು ಚಿತ್ರ ತೆಗೀತದೆ. ಇಳಿತದಲ್ಲೂ ತೆಗೆದಿರಬೇಕಲ್ಲ?"

"ತೆಗೆದಿರ್ತದೆ. ಆ ಚಿತ್ರ ಎಂತ ಮಾಡ್ತಾರೆ ಕೇಳು." ಮಾಬ್ಲ ಕೈ ತೊಳೆದು ಬಂದು ಕೂತ. "ನೋಡು, ಇಳಿತ ದಿನಾ ಮುಕ್ಕಾಲು ತಾಸಿಗಿಂತ ಹೆಚ್ಚು ಹಿಂದೆ ಬೀಳ್ತದೆ. ಇವತ್ತು ಎಂಟಕ್ಕೆ ಬಯಲು ಎದ್ದರೆ ನಾಳೆ ಒಂಬತ್ತರ ಹತ್ತಿರ. ಆದ್ರೆ ಯಾವ ದಿನ ಲೆಕ್ಕ ಹಾಕಿದ್ರೂ ಹಗಲಿನ ಹನ್ನೆರಡು ತಾಸಲ್ಲಿ ಅದು ಕಾಣೂದು ನಾಲ್ಕೇ ತಾಸು. ಎಂಟು ತಾಸು ನೀರೇ. ನಿನ್ನ ಯಂತ್ರ ಹೆಚ್ಚು ಕಂಡದ್ದನ್ನೇ ನಂಬ್ತದೆ ಅಂತಾದ್ರೆ?"

ಕುಮುದಾ ಅವನ ಮುಖವನ್ನೇ ನೋಡಿದಳು. ಮೂವತ್ತು ವರ್ಷದಿಂದ ಈ ಮನುಷ್ಯ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ.

"ಎಂತ ಮಾರಾಯ್ತಿ, ಹಾಗೆ ನೋಡ್ತೀ? ಮೀನು ಸೀದು ಹೋಗ್ತದೆ," ಎಂದು ಅವನು ಎದ್ದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುಮುದಾ, ತುಳಸಿ, ಇನಾಸ್ ಮೂವರೂ ಹುಬ್ಬಳ್ಳಿಗೆ ಹೊರಟರು. ಉಳಿದವರಿಗೆ ಒಂದು ಕೆಲಸ ಕೊಟ್ಟಿದ್ದಳು: ಪೇಟೆಯಲ್ಲಿ ಅಡ್ಡಾಡಿ, ನೆಲಗನ್ನಡಿಯಲ್ಲಿ ಇಲ್ಲದ ಹತ್ತು ಸಂಗತಿ ಬರೆದು ತರಬೇಕು. ಜತೆಗೆ, ಅದು ಯಾಕೆ ಇಲ್ಲ ಎಂಬ ಒಂದು ಊಹೆ.

*

ನೆಲಗನ್ನಡಿಯ ನಿಯಂತ್ರಣ ಕೊಠಡಿ ತಣ್ಣಗಿತ್ತು. ಗೋಡೆಯ ತುಂಬ ಪರದೆಗಳು. ಇಡೀ ಕರಾವಳಿ ಒಂದು ಹಸಿರು ಅಂಚಿನ ಪಟ್ಟಿಯಂತೆ ಹರಡಿತ್ತು. ಅಲ್ಲಿನ ಎಂಜಿನಿಯರ್ ಪ್ರಣೀತಾ ಹೆಬಸೂರ, ಮೂವತ್ತೈದರ ಹೆಂಗಸು. ಬಂದವರಿಗೆ ಕುರ್ಚಿ ಎಳೆದುಕೊಟ್ಟು ಚಹಾ ತರಿಸಿದಳು. ಶಿಕ್ಷಕರು ಪ್ರಶ್ನೆ ಕೇಳಲು ಅಷ್ಟು ದೂರದಿಂದ ಬಂದದ್ದು ಅದೇ ಮೊದಲು.

"ಹೇಳ್ತೀನಿ ಕೇಳ್ರಿ," ಎಂದಳು. "ಒಂದೊಂದು ಚುಕ್ಕೀಗೂ ನಲವತ್ತು ದಿನದ ಚಿತ್ರ ಇರ್ತಾವ. ಎಲ್ಲಾ ಸಾಲಾಗಿ ಜೋಡಿಸಿ, ಕಪ್ಪಗಿಂದ ಬೆಳ್ಳಗಿನ ತನಕ, ನಟ್ಟನಡುವಿಂದು ಒಂದು ತಗೋತೀವಿ. ಮೋಡ ಇರೂದು ಒಂದೊಂದು ಹೊತ್ತು, ಅದು ಅಂಚಿಗೆ ಹೋಗಿಬಿಡತದ. ಬಸ್ಸು, ದನ, ಮಂದಿ ಎಲ್ಲಾ ಅಂಚಿಗೆ. ನಡುವ ಉಳಿಯೂದು ಅಲ್ಲಾಡದ ನೆಲ ಅಷ್ಟ. ಅದಕ್ಕ ನಕ್ಷೆ ಇಷ್ಟು ಸ್ವಚ್ಛ."

"ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಕಾಣುವ ನೆಲ?" ಕುಮುದಾ ಕೇಳಿದಳು.

ಪ್ರಣೀತಾ ಪರದೆಯತ್ತ ತಿರುಗಿದಳು. ಕೀಲಿಮಣೆಯ ಮೇಲೆ ಕೈ ಆಡಿಸಿದಳು. ಹೊನ್ನೆಹೊಳೆಯ ಅಳಿವೆ ಪರದೆಯ ಮೇಲೆ ಬಂತು. ಒಂದೊಂದೇ ಕಚ್ಚಾ ಚಿತ್ರ ತೆಗೆದಳು. ಬೆಳಿಗ್ಗೆ ಏಳು: ನೀರು. ಎಂಟು: ನೀರು. ಒಂಬತ್ತೂಕಾಲು: ನೀರಿನ ನಡುವೆ ಕಂದು ಬೆನ್ನು. ಹತ್ತು: ಇಡೀ ಬಯಲು, ಅದರ ಮೇಲೆ ಎಳ್ಳಿನ ಕಾಳು ಚೆಲ್ಲಿದ ಹಾಗೆ ನೂರಾರು ಚುಕ್ಕೆ.

"ಅವೇ," ಎಂದಳು ತುಳಸಿ. ಕುರ್ಚಿಯಿಂದ ಎದ್ದಿದ್ದಳು. "ಅದರಲ್ಲಿ ಒಂದು ನಮ್ಮ ಅವ್ವಿ."

ಪ್ರಣೀತಾ ಇನ್ನೊಂದು ಪುಟ ತೆರೆದಳು. ಅವಳ ಮುಖ ಚಿಕ್ಕದಾಯಿತು.

"ಮೇಡಂ, ಬಳಕೆ ಇಲ್ಲದ ನೀರು ಅಂತ ಬಣ್ಣ ಬಿದ್ದ ಮ್ಯಾಲ ಯಾರು ಬೇಕಾದ್ರೂ ಕೇಳಬಹುದು. ಇಲ್ಲಿ ತೇಲೋ ಸೌರ ಫಲಕ ಹಾಸೂದಕ್ಕ ಅರ್ಜಿ ಬಂದದ. ಪೂರಾ ಬಯಲಿನ ಮ್ಯಾಲ. ತಕರಾರು ಸಲ್ಲಿಸಲಿಕ್ಕೆ ಇನ್ನ ಒಂಬತ್ತು ದಿನ."

"ಊರಿಗೆ ನೋಟಿಸು ಬಂದಿಲ್ಲ," ಎಂದಳು ತುಳಸಿ.

"ನೀರಿಗೆ ನೋಟಿಸು ಕೊಡೂದಿಲ್ರಿ. ನಕ್ಷೆ ಪ್ರಕಾರ ಅಲ್ಲಿ ಯಾರೂ ಇಲ್ಲ." ಹೇಳಿದ ಮೇಲೆ ಅವಳಿಗೇ ಆ ಮಾತು ಹೇಗೆ ಕೇಳಿಸಿತೋ, ತಲೆ ತಗ್ಗಿಸಿದಳು. ಆಮೇಲೆ ಕಾನೂನಿನ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು. ಯಂತ್ರ ಬಿಟ್ಟದ್ದನ್ನು ಸ್ಥಳದಲ್ಲೇ ಅಳೆದು ನೆಲಗನ್ನಡಿಗೆ 'ಊರ ಪದರ' ಸೇರಿಸುವ ಅಧಿಕಾರ ತರಬೇತಿ ಪಡೆದ ಶಿಕ್ಷಕರಿಗಿತ್ತು. ತರಬೇತಿಯಲ್ಲಿ ಇರುವವರು ಅಳೆದದ್ದೂ ನಡೆಯುತ್ತಿತ್ತು, ತರಬೇತುದಾರರ ಸಹಿ ಇದ್ದರೆ. ಇಪ್ಪತ್ತೈದು ಜನ, ಐದು ದಿನ, ನೆಲದ ಮೇಲೆ ನಿಂತು ಅಳೆದಿರಬೇಕು. ಪದರ ಸೇರಿದರೆ ಅಧಿಕಾರಿ ಸ್ವತಃ ಬಂದು ನೋಡದೆ ಅರ್ಜಿ ಮುಂದೆ ಹೋಗುವಂತಿಲ್ಲ.

"ಇದನ್ನ ಯಾರಾದ್ರೂ ಬಳಸಿದ್ದುಂಟಾ?" ಕುಮುದಾ ಕೇಳಿದಳು.

"ಒಬ್ಬರೂ ಇಲ್ರಿ. ಕೈಪಿಡಿಯೊಳಗ ನಾವು ಬರದೇ ಇಲ್ಲ."

ವಾಪಸು ಬರುವಾಗ ಘಟ್ಟದ ತಿರುವುಗಳಲ್ಲಿ ಇನಾಸ್ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಪೇಟೆ ಹತ್ತಿರವಾದಾಗ ಹೇಳಿದ: "ಮೇಡಮ್, ನಿನ್ನೆಯಾಗಿದ್ದರೆ ನಾನು ಇದೇ ಮೇಜನ್ನ ಮಕ್ಕಳಿಗೆ ತೋರಿಸಿ, ಇದೇ ನಿಮ್ಮ ಊರು ಅಂತ ಹೇಳ್ತಿದ್ದೆ."

"ಹೇಳಿ. ಅದರ ಜತೆ ಇದರಲ್ಲಿ ಎಂತ ಇಲ್ಲ ಅಂತಲೂ ಹೇಳಿ," ಎಂದಳು ಕುಮುದಾ.

*

ಎರಡು ದಿನದ ಸಿದ್ಧತೆಯ ಮೇಲೆ ತರಬೇತಿ ಕೆಸರಿಗೆ ಇಳಿಯಿತು.

ಮೂವತ್ತು ಶಿಕ್ಷಕರು ಮಾಬ್ಲ ಗೊತ್ತುಮಾಡಿದ ಮೂರು ದೋಣಿಗಳಲ್ಲಿ ನೆಲ್ಲಿಕುರ್ವೆಗೆ ಬಂದರು. ಕೈಯಲ್ಲಿ ಜಾಗ ಗುರುತಿಸುವ ಕೋಲು, ಕುತ್ತಿಗೆಯಲ್ಲಿ ಪುಸ್ತಕ. ಬಯಲು ಏಳುವ ಹೊತ್ತಿಗೆ ಹೆಂಗಸರು ಆಗಲೇ ಸೀರೆ ಎತ್ತಿಕಟ್ಟಿ, ಬುಟ್ಟಿ ಹಿಡಿದು ಸಾಲಾಗಿ ಇಳಿಯುತ್ತಿದ್ದರು. ಹೆಜ್ಜೆ ಎಲ್ಲಿಡಬೇಕೆಂದು ಅವರ ಕಾಲಿಗೆ ಗೊತ್ತಿತ್ತು. ಶಿಕ್ಷಕರ ಕಾಲಿಗೆ ಗೊತ್ತಿರಲಿಲ್ಲ. ಹತ್ತು ಹೆಜ್ಜೆಯೊಳಗೆ ಇನಾಸ್ ತೊಡೆಯವರೆಗೆ ಹೂತು, ಕೋಲನ್ನು ಮೇಲೆತ್ತಿ ಹಿಡಿದು ಕೂಗಿದ. ಬಯಲಿಗೆ ಬಯಲೇ ನಕ್ಕಿತು. ತುಳಸಿಯ ತಾಯಿ ಬೀರಮ್ಮ ಬಂದು ಅವನ ಕಂಕುಳಿಗೆ ಕೈ ಹಾಕಿ ಎಳೆದಳು.

"ಮಾಸ್ತರೆ, ಕೆಸರಲ್ಲಿ ನಿಂತರೆ ನುಂಗ್ತದೆ. ನಡೀತಾ ಇರಬೇಕು."

ಐದು ದಿನ ಹಾಗೆಯೇ ನಡೆಯಿತು. ಇಳಿತದ ಜತೆ ತರಗತಿಯ ವೇಳೆಯೂ ದಿನಾ ತಡವಾಗುತ್ತ ಹೋಯಿತು. ಅಳೆದದ್ದಕ್ಕಿಂತ ಕಲಿತದ್ದು ಹೆಚ್ಚು. ನಕ್ಷೆಯಲ್ಲಿ ಒಂದೇ ನೀಲಿಯಾಗಿದ್ದ ಜಾಗಕ್ಕೆ ಹೆಂಗಸರ ಬಾಯಲ್ಲಿ ಹದಿನೇಳು ಹೆಸರಿದ್ದವು: ದೊಡ್ಡಹಾಸು, ಕೊಕ್ಕರೆ ಬೆನ್ನು, ಬಾಣಂತಿ ತಿಟ್ಟು. ಬಸುರಿಯರು, ಹಸುಗೂಸಿನ ತಾಯಂದಿರು ದಂಡೆಗೆ ಹತ್ತಿರವಿರುವ ಆ ತಿಟ್ಟಿನಲ್ಲೇ ಹೆಕ್ಕಬೇಕು, ಬೇರೆಯವರು ಅಲ್ಲಿಗೆ ಕೈ ಹಾಕುವಂತಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ. ಕುಮುದಾ ಮೊಣಕಾಲು ಕೆಸರಲ್ಲಿ ನಿಂತು ಬರೆದುಕೊಂಡಳು. ಬೆನ್ನಿಗೆ ಬಿಸಿಲು, ಕಾಲಿಗೆ ತಂಪು. ಇಷ್ಟು ಸುಖವಾಗಿ ಪಾಠ ಮಾಡಿ ಎಷ್ಟು ವರ್ಷವಾಯಿತೋ ಎನಿಸಿತು.

ಗಂಟು ಬಿದ್ದದ್ದು ಐದನೆಯ ದಿನ. ಬಯಲಿನ ಅಂಚು, ಏಳುವ ಮುಳುಗುವ ಹೊತ್ತು, ದಿನದಿನದ ತಲೆ ಎಣಿಕೆ ಎಲ್ಲ ಸಿದ್ಧವಾಗಿತ್ತು. ಉಳಿದದ್ದು ಬಳಚು ಎಲ್ಲಿ ಎಷ್ಟಿದೆ ಎಂಬ ಗುರುತು. ಇನಾಸ್ ಕೋಲು ಹಿಡಿದು ಕೊಕ್ಕರೆ ಬೆನ್ನಿನ ಆಚೆ ಹೋಗುತ್ತಿದ್ದಂತೆ ಬೀರಮ್ಮ ಅಡ್ಡ ನಿಂತಳು.

"ಅದೊಂದು ಬೇಡ."

"ಯಾಕಮ್ಮ? ಅದೇ ಮುಖ್ಯ ಅಲ್ವಾ?"

"ಮುಖ್ಯ ಅದಕ್ಕೇ ಬೇಡ. ಮರಿ ಎಲ್ಲಿ ಬೀಳ್ತದೆ, ದೊಡ್ಡದು ಎಲ್ಲಿ ಉಂಟು ಅಂತ ನೀವು ಬರೀತ್ರಿ, ಹೋಗ್ತ್ರಿ. ನಾಳೆ ಅದನ್ನ ನೋಡಿ ಎಲ್ಲೆಲ್ಲಿಂದಲೋ ಯಂತ್ರ ತಂದು ಬಾಚ್ತಾರೆ. ಫಲಕ ಬಂದ್ರೂ ನಮ್ಮ ಹೊಟ್ಟೆಗಿಲ್ಲ, ಯಂತ್ರ ಬಂದ್ರೂ ಇಲ್ಲ."

ದಂಡೆಯ ತೆಂಗಿನಡಿ ಮೂವತ್ತೂ ಜನ ಕೂತರು. ಇನಾಸ್ ಎದ್ದು ನಿಂತ.

"ಮೇಡಮ್, ನಾವು ಅರ್ಧ ನಕ್ಷೆ ಕೊಟ್ಟರೆ ಅಧಿಕಾರಿಗಳು ಎಂತ ಹೇಳ್ತಾರೆ? ಇವರಿಗೂ ಮುಚ್ಚಿಡೂದು ಉಂಟು ಅಂತಾರೆ. ಯಂತ್ರ ಬಿಟ್ಟದ್ದಕ್ಕೆ ನಾವು ಬೈದೆವು. ಈಗ ನಾವೇ ಬಿಡೂದಾ?"

ನಕ್ಷೆ ಏನನ್ನು ಬಿಟ್ಟಿದೆ ಎಂದು ಕೇಳುವುದನ್ನು ಕುಮುದಾ ಇಪ್ಪತ್ತೆಂಟು ವರ್ಷ ಕಲಿಸಿದ್ದಳು. ಬಿಡಬೇಕಾದದ್ದೂ ಇರಬಹುದು ಎಂದು ಒಮ್ಮೆಯೂ ಕಲಿಸಿರಲಿಲ್ಲ. ಸಲ್ಲಿಸಲು ಉಳಿದದ್ದು ಎರಡೇ ದಿನ. ಬರೆದರೆ ಪದರ ಗಟ್ಟಿ, ಬರೆಯದಿದ್ದರೆ ತಳ್ಳಿಹಾಕಿದರೂ ಹಾಕಿದರು.

"ಇನಾಸ್, ನೀವು ಕೇಳಿದ್ದು ಸರಿ," ಎಂದಳು ನಿಧಾನವಾಗಿ. "ಯಂತ್ರ ಬಿಟ್ಟಿತು. ಬಿಟ್ಟಿದ್ದೇನೆ ಅಂತ ಹೇಳಲಿಲ್ಲ. ಬಿಟ್ಟ ಜಾಗಕ್ಕೆ ನೀಲಿ ಬಳಿದು ಇಲ್ಲಿ ಎಂತದೂ ಇಲ್ಲ ಅಂದಿತು. ನಾವು ಬಿಡುವುದಾದರೆ ಬಿಟ್ಟಿದ್ದೇವೆ ಅಂತ ಹೇಳಿ ಬಿಡೋಣ. ಯಾಕೆ ಅಂತಲೂ ಹೇಳೋಣ. ಅದನ್ನ ಅಧಿಕಾರಿ ಒಪ್ಪದೆ ಹೋಗಬಹುದು. ಆದರೆ ಕೆಸರು ಇವರದು, ನಮ್ಮದಲ್ಲ."

ಬೀರಮ್ಮ ಬುಟ್ಟಿಯ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳುತ್ತಿದ್ದಳು. ಇನಾಸ್ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡ. ಕೊನೆಗೆ ಕೂತು ಪುಸ್ತಕ ತೆರೆದ. ಎರಡು ಸಲ ಬರೆದು ಹೊಡೆದು, ಮೂರನೆಯ ಸಲ ಬರೆದದ್ದನ್ನು ಓದಿದ: "ಈ ಗೆರೆಯೊಳಗೆ ಏನಿದೆ ಎಂಬುದು ಇಲ್ಲಿ ದುಡಿಯುವವರಿಗೆ ಗೊತ್ತಿದೆ. ಅವರ ಮಾತಿನ ಮೇರೆಗೆ ನಾವು ಅದನ್ನು ಬರೆದಿಲ್ಲ. ತಿಳಿಯಬೇಕಾದವರು ಬಂದು ಕೇಳತಕ್ಕದ್ದು."

"ಹಾಗೆ ಬರೀರಿ ಮಾಸ್ತರೆ," ಎಂದಳು ಬೀರಮ್ಮ. "ಅದು ಆಗ್ತದೆ."

*

ಪದರ ಹುಬ್ಬಳ್ಳಿಗೆ ಹೋದ ಅರ್ಧ ತಾಸಿಗೆ ಪ್ರಣೀತಾಳ ಫೋನು ಬಂತು.

"ಮೇಡಂ, ಅಳತಿ ಎಲ್ಲಾ ಸರಿ ಕೂತಾವ. ಆದ್ರ ನಡುವಿನ ಜಾಗ ಖಾಲಿ ಬಿಟ್ಟೀರಿ. ಖಾಲಿ ಇದ್ರ ಯಂತ್ರ ತಗೊಳ್ಳೂದಿಲ್ಲ. ಯಾವುದಾದ್ರೂ ಒಂದು ಬಗೆ ಕೊಡಲೇಬೇಕು: ನೀರು, ಗದ್ದೆ, ಕಾಡು, ಮನೆ, ಪಾಳು. ಅರವತ್ತೆರಡು ಬಗೆ ಅದಾವ. ನಿಮ್ಮದು ಒಂದರಾಗೂ ಬರೂದಿಲ್ಲ."

ಕುಮುದಾ ಮೇಜಿನ ಪಕ್ಕ ನಿಂತು ಮಾತಾಡುತ್ತಿದ್ದಳು. ಸುತ್ತ ಮೂವತ್ತು ಮುಖ.

"ಅರವತ್ತಮೂರನೆಯದು ಮಾಡೂಕೆ ಯಾರಿಗೆ ಅಧಿಕಾರ?"

ಆಚೆ ಕಡೆ ಕೀಲಿಮಣೆಯ ಸದ್ದು ಕೇಳಿತು.

"ನನಗ," ಎಂದಳು ಪ್ರಣೀತಾ ಕೊನೆಗೆ. "ಇಷ್ಟು ವರ್ಷ ಯಾರೂ ಕೇಳಿದ್ದಿಲ್ಲ. ನಾಳೆ ಯಾರಾದ್ರೂ ಯಾಕ ಅಂತ ಕೇಳಿದ್ರ ಏನ್ ಹೇಳ್ಲಿ?"

"ಕಚ್ಚಾ ಚಿತ್ರ ತೋರಿಸಿ. ಹತ್ತು ಗಂಟೆಯದ್ದು."

ಸಂಜೆ ಐದಕ್ಕೆ ಮೇಜಿನ ಮೇಲೆ ಕಡ್ಡಿಗಳು ಸರಸರನೆ ಅಲುಗಾಡಿದವು. ಶಾಲೆಯ ಎದುರಿನ ನೀಲಿಯಲ್ಲಿ ಒಂದು ಬಯಲು ಎದ್ದಿತು. ಅದಕ್ಕೆ ಇದುವರೆಗೆ ಯಾವ ನಕ್ಷೆಯಲ್ಲೂ ಇಲ್ಲದ ಬಣ್ಣ, ಅರಿಶಿನಕ್ಕೂ ಕೆಂಪುಮಣ್ಣಿಗೂ ನಡುವಿನದು. ತುಳಸಿ ಬೆರಳಿಟ್ಟಳು. ಅಕ್ಷರ ಮೂಡಿತು: ಕೇಳಿ ತಿಳಿಯಿರಿ. ಮೂವತ್ತು ಜನ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಇನಾಸ್ ಮೇಜನ್ನು ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ವಿಚಾರಣೆಯ ಅಧಿಕಾರಿ ಬಂದದ್ದು ಮೂರು ವಾರದ ಮೇಲೆ, ಬೆಳಿಗ್ಗೆ ಎಂಟು ಗಂಟೆಗೆ, ಭರತದ ಹೊತ್ತಲ್ಲಿ. ದೋಣಿಯಿಂದ ಇಳಿದವರೇ ಕೈಯಲ್ಲಿದ್ದ ನಕ್ಷೆಯ ಪುಟ್ಟ ಪರದೆ ನೋಡಿದರು, ಎದುರಿನ ನೀರು ನೋಡಿದರು. ನೀರು ದಂಡೆಗೆ ತುಂಬಿ ಥಳಥಳಿಸುತ್ತಿತ್ತು.

"ಇಲ್ಲಿ ಬರೀ ನೀರಿದೆಯಲ್ಲ," ಎಂದರು. "ಹನ್ನೊಂದಕ್ಕೆ ನಾನು ಇನ್ನೊಂದು ಕಡೆ ಹೋಗಬೇಕು."

ಕುಮುದಾ ಒಂದು ಹೆಜ್ಜೆ ಮುಂದೆ ಬಂದಳು. ಅವರು ನೋಡಿದ್ದು ಇಷ್ಟೇ ಎಂದು ಬರೆದು ಹೋಗಿಬಿಟ್ಟರೆ? ಅವಳು ಏನಾದರೂ ಹೇಳುವ ಮೊದಲೇ ಬೀರಮ್ಮ ಒಂದು ಸ್ಟೂಲು ತಂದು ತೆಂಗಿನಡಿ ಇಟ್ಟಳು.

"ಕೂತ್ಕೊಳ್ಳಿ ಸಾಹೇಬ್ರೆ. ಬಯಲು ಹನ್ನೆರಡಕ್ಕೆ ಬರ್ತದೆ. ಅದು ಯಾರು ಹೇಳಿದ್ರೂ ಮೊದಲು ಬರೂದಿಲ್ಲ."

"ಅಲ್ಲಿಯವರೆಗೆ?"

"ನೀವು ಕೇಳೂಕೆ ಬಂದದ್ದಲ್ವಾ? ಕೇಳಿ."

ಅಧಿಕಾರಿ ಗಡಿಯಾರ ನೋಡಿಕೊಂಡರು. ಸುತ್ತ ನಿಂತ ಇನ್ನೂರು ಹೆಂಗಸರನ್ನು ನೋಡಿದರು. ಫೋನು ತೆಗೆದು ಯಾರಿಗೋ ಇವತ್ತು ಬರುವುದಿಲ್ಲ ಎಂದರು. ಮೊದಮೊದಲು ಕಾಗದದಲ್ಲಿದ್ದ ಪ್ರಶ್ನೆ ಮಾತ್ರ ಕೇಳಿದರು. ಒಂಬತ್ತೂವರೆಗೆ ಕಾಗದ ಮಡಚಿ ಜೇಬಿಗಿಟ್ಟರು. ಹತ್ತರ ಹೊತ್ತಿಗೆ ಬಾಣಂತಿ ತಿಟ್ಟಿನ ಕತೆ ಕೇಳುತ್ತ ಎರಡನೆಯ ಲೋಟ ಚಹಾ ಕುಡಿಯುತ್ತಿದ್ದರು. ತಮ್ಮ ತಾಯಿ ಬಾಣಂತಿಯಾಗಿದ್ದಾಗ ಗದ್ದೆ ಕೆಲಸಕ್ಕೆ ಹೋಗುತ್ತಿದ್ದದ್ದನ್ನು ಅವರೇ ಹೇಳಿದರು. ಬೀರಮ್ಮ "ಹೌದಾ" ಎಂದು ಹತ್ತಿರ ಸರಿದು ಕೂತಳು.

ಹನ್ನೊಂದೂವರೆಗೆ ನೀರು ತೀರ ಇಳಿದು ಕೆಸರು ಕಾಣತೊಡಗಿತು. ಮೊದಲು ಕೊಕ್ಕರೆ ಬೆನ್ನು, ಆಮೇಲೆ ದೊಡ್ಡಹಾಸು. ಕೆಸರು ಉಸಿರು ಬಿಟ್ಟ ಹಾಗೆ ಗುಳುಗುಳು ಸದ್ದು. ಹೆಂಗಸರು ಮಾತು ನಿಲ್ಲಿಸಿ, ಸೀರೆ ಸಿಕ್ಕಿಸಿ, ಬುಟ್ಟಿ ಎತ್ತಿಕೊಂಡರು. ಅವರಿಗೆ ವಿಚಾರಣೆ ಅಷ್ಟಕ್ಕೇ ಮುಗಿದಿತ್ತು, ಕೆಲಸದ ಹೊತ್ತಾಗಿತ್ತು.

ಅಧಿಕಾರಿ ದಂಡೆಯಲ್ಲಿ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚಿ, ಪ್ಯಾಂಟು ಮೊಣಕಾಲಿಗೆ ಮಡಚಿದರು.

"ಎಲ್ಲಿಂದ ಇಳಿಯಬೇಕಮ್ಮ?"

"ನನ್ನ ಹಿಂದೆ ಬನ್ನಿ," ಎಂದಳು ಬೀರಮ್ಮ.